ಅವಾತಿಫ್ ಕೇಳಿದ್ದಳು

ಮೀತ್ ಘಮ್ರ್ ಊರಿನಲ್ಲಿ ಅಲ್ಯೂಮಿನಿಯಂ ಗೊತ್ತಿಲ್ಲದ ಕೂಸೂ ಇಲ್ಲ. ನೈಲ್ ನದಿಯ ದಂಡೆಯ ಈ ಊರಿನ ಭಟ್ಟಿಗಳಲ್ಲಿ ಎರಕ ಹೊಯ್ದ ಪಾತ್ರೆಗಳು ಈಜಿಪ್ಟಿನ ಎಷ್ಟೋ ಅಡುಗೆಮನೆಗಳಲ್ಲಿ ಕುಳಿತಿವೆ. ಇಂಥ ಊರಿನಲ್ಲಿ, ನಲವತ್ತು ವರ್ಷ ಇಂಜಿನ್ ಬಿಚ್ಚಿ ಜೋಡಿಸಿದ ಉಸ್ತಾ ಮಿತ್ವಲ್ಲಿಯ ವರ್ಕ್‌ಶಾಪಿನಲ್ಲಿ, ಇಂಜಿನ್ನಿನ ಅಲ್ಯೂಮಿನಿಯಂ ಹೆಡ್ಡೊಂದನ್ನು ಕಾಸ್ಟಿಕ್ ಸೋಡಾದ ಡ್ರಮ್ಮಿಗೆ ಇಳಿಸಿಬಿಟ್ಟರು ಅಂದರೆ ಬೀದಿ ನಗದೆ ಬಿಡುತ್ತದೆಯೇ? ನಕ್ಕಿತು. ಆದರೆ ಯಾರನ್ನು ನೋಡಿ ನಗಬೇಕಿತ್ತೋ ಅವರನ್ನು ನೋಡಿ ನಗಲಿಲ್ಲ.

ವರ್ಕ್‌ಶಾಪ್ ಕೆಳಗೆ, ಮನೆ ಮೇಲೆ. ಕೆಳಗೆ ಮಿತ್ವಲ್ಲಿ, ಅವನ ಮಗ ಸಬ್ರಿ. ಮೇಲೆ ಮಿತ್ವಲ್ಲಿಯ ಹೆಂಡತಿ ಫಿಕ್ರಿಯಾ, ಸೊಸೆ ಅವಾತಿಫ್, ಏಳು ವರ್ಷದ ಮೊಮ್ಮಗಳು ಜನಾ. ಎರಡು ವರ್ಷದ ಹಿಂದೆ ಸಾಮಾನು ತೊಳೆಯುವ ಕೆಲಸದವನು ಲಿಬಿಯಾಕ್ಕೆ ಹೊರಟುಹೋದ. ಆ ವಾರ ಚಹಾ ಕೊಡಲು ಇಳಿದು ಬಂದ ಅವಾತಿಫ್, ಬೆಂಚಿನ ಮೇಲೆ ರಾಶಿ ಬಿದ್ದಿದ್ದ ಜಿಡ್ಡು ಹಿಡಿದ ವಾಲ್ವುಗಳನ್ನು ನೋಡಿ, "ಇದನ್ನ ಹಿಂಗೇ ಬಿಟ್ರೆ ಯಾವಾಗ ಮುಗಿಯುತ್ತೆ?" ಅಂತ ಬ್ರಷ್ ಕೈಗೆತ್ತಿಕೊಂಡಳು. ಚಹಾದ ಲೋಟ ಆರಿಹೋಯಿತು, ಅವಳು ಮೇಲೆ ಹೋಗಲಿಲ್ಲ.

ಹೆಂಗಸು ವರ್ಕ್‌ಶಾಪಿನಲ್ಲಿ ಕೈ ಕಪ್ಪು ಮಾಡಿಕೊಳ್ಳುವುದೆಂದರೆ ಬೀದಿಗೆ ಒಂದು ತಮಾಷೆ. ಮೊದಮೊದಲು ಸಬ್ರಿ ಮುಖ ಗಂಟಿಕ್ಕಿದ. ಫಿಕ್ರಿಯಾ, "ನನ್ನ ಸೊಸೆ ಕೈಯಲ್ಲಿ ಗೋರಂಟಿ ಬದಲು ಗ್ರೀಸು," ಅಂತ ನೆರೆಯವರ ಮುಂದೆ ಅಲವತ್ತುಕೊಂಡಳು. ಆದರೆ ಅವಾತಿಫ್ ತೊಳೆದು ಕೊಟ್ಟ ಪಿಸ್ಟನ್ನಿನಲ್ಲಿ ಮುಖ ನೋಡಿಕೊಳ್ಳಬಹುದಿತ್ತು. ರಿಂಗು ಕೂರುವ ತೋಡಿನೊಳಗೆ ಕಲ್ಲಾಗಿ ಕೂತ ಕಿಟ್ಟವನ್ನು ಅವಳು ಮುರಿದ ರಿಂಗಿನ ತುಂಡಿನಿಂದಲೇ ಕೆರೆದು ತೆಗೆಯುತ್ತಿದ್ದಳು. ಒಂದು ಗೀರೂ ಬೀಳುತ್ತಿರಲಿಲ್ಲ. ಒಮ್ಮೆ ಹೆಡ್ಡನ್ನು ತೊಳೆದು ಒರೆಸುವಾಗ, ಎರಡು ವಾಲ್ವುಗಳ ನಡುವೆ ಕೂದಲೆಳೆಯ ಬಿರುಕು ಬಿಟ್ಟಿದ್ದನ್ನು ಅವಳೇ ತೋರಿಸಿದಳು. ಸಬ್ರಿ ಅದನ್ನು ಎರಡು ಸಲ ನೋಡಿಯೂ ಕಂಡಿರಲಿಲ್ಲ. ಮಿತ್ವಲ್ಲಿ ತನ್ನ ಗೆಳೆಯ ಶಿಹಾತಾನ ಹತ್ತಿರ, "ನನ್ನ ಮಗನಿಗಿಂತ ಇವಳ ಕೈ ವಾಸಿ," ಅಂದಿದ್ದ. ಅದನ್ನು ಅವಳಿಗೂ ಹೇಳಲಿಲ್ಲ, ಮಗನಿಗೂ ಹೇಳಲಿಲ್ಲ. ಮನೆಯಲ್ಲಿ ಅವನನ್ನು ಮಾವ ಅಂತ ಕರೆಯುತ್ತಿದ್ದ ಅವಾತಿಫ್, ಬೆಂಚಿನ ಮುಂದೆ ನಿಂತರೆ ಮಾತ್ರ ಉಸ್ತಾ, ಅಂದರೆ ಮೇಸ್ತ್ರಿ, ಅನ್ನುತ್ತಿದ್ದಳು. ಅದು ಅವನಿಗೆ ಒಳಗೊಳಗೇ ಖುಷಿ.

ಬಕ್ರೀದಿಗೆ ನಾಲ್ಕು ವಾರ ಇರುವಾಗ ಬಯ್ಯೂಮಿಯ ಗಾಡಿ ಬಂತು. ಜಗಾಜೀಗ್ ರಸ್ತೆಯಲ್ಲಿ ಓಡುವ ಏಳು ಸೀಟಿನ ಹಳೇ ಪೀಜೋ ಟ್ಯಾಕ್ಸಿ. ಎಣ್ಣೆ ಕುಡಿದು ಕುಡಿದು ಅದರ ಹೊಟ್ಟೆಯೆಲ್ಲ ಮಸಿ. ಹಬ್ಬದ ಮುಂಚಿನ ಎರಡು ವಾರ ಊರೆಲ್ಲ ತವರಿಗೆ ಓಡಾಡುವ ಕಾಲ, ಬಯ್ಯೂಮಿಗೆ ವರ್ಷದ ಸುಗ್ಗಿ. ದಿನಕ್ಕೆರಡು ಸಲ ಬಂದು ಬಾಗಿಲಲ್ಲಿ ನಿಂತು, "ಆಯ್ತಾ ಉಸ್ತಾ?" ಅಂತ ಕೇಳಿ ಹೋಗುತ್ತಿದ್ದ.

ಇಂಜಿನ್ ಬಿಚ್ಚಿದ ಮೇಲೆ ಕೆಲಸದ ಕ್ರಮ ಸರಳ. ಕಬ್ಬಿಣದ್ದೆಲ್ಲ ಹಿತ್ತಲಿನ ತಗಡಿನ ಮಾಡಿನ ಕೆಳಗಿರುವ ಡ್ರಮ್ಮಿಗೆ. ಕಾಸ್ಟಿಕ್ ಸೋಡಾ ಕಲಸಿದ ಬಿಸಿನೀರು ಜಿಡ್ಡನ್ನೂ ಕಿಟ್ಟವನ್ನೂ ತಿಂದುಹಾಕುತ್ತದೆ. ಅಲ್ಯೂಮಿನಿಯಂನದು ಸೀಮೆಎಣ್ಣೆಯಲ್ಲಿ, ಬ್ರಷ್ಷು ಮತ್ತು ಮರದ ಚಕ್ಕೆಯಿಂದ, ತಾಳ್ಮೆಯಿಂದ. ಕಾಸ್ಟಿಕ್ಕಿಗೆ ಹಾಕಿದರೆ ಅದು ಜಿಡ್ಡಿನ ಜೊತೆ ಲೋಹವನ್ನೂ ತಿನ್ನುತ್ತದೆ. ಪೀಜೋದ ಬ್ಲಾಕು ಕಬ್ಬಿಣ, ಹೆಡ್ಡು ಅಲ್ಯೂಮಿನಿಯಂ.

ಆ ಗುರುವಾರ ಮಧ್ಯಾಹ್ನ ಸಬ್ರಿ ಗ್ಯಾಸ್ಕೆಟ್ ತರಲು ಪೇಟೆಗೆ ಹೋಗಿದ್ದ. ಮಿತ್ವಲ್ಲಿ ಬಾಗಿಲ ಮುಂದೆ ಸ್ಟೂಲಿನ ಮೇಲೆ ಕೂತು ಶಿಹಾತಾನ ಜೊತೆ ಡಾಮಿನೋ ಆಡುತ್ತಿದ್ದ. ಮೂರು ಆಟ ಸೋತಿದ್ದ, ನಾಲ್ಕನೆಯದೂ ಕೈಬಿಡುವ ಹಾಗಿತ್ತು. ಅವಾತಿಫ್ ಒಳಗಿನಿಂದ ಕರೆದಳು.

"ಉಸ್ತಾ, ಇವೆಲ್ಲಾ ಡ್ರಮ್ಮಿಗಾ?"

"ಹೂಂ."

ಸ್ವಲ್ಪ ಹೊತ್ತಿಗೆ ಬಾಗಿಲಿಗೇ ಬಂದಳು. ಮೊಣಕೈತನಕ ರಬ್ಬರ್ ಗ್ಲೌಸು.

"ಹೆಡ್ಡೂನಾ? ಅದು..."

"ಎಲ್ಲಾ ಅಂದ್ರೆ ಎಲ್ಲಾ ಕಣಮ್ಮ," ಅಂದ ಮಿತ್ವಲ್ಲಿ, ಕಣ್ಣು ಬಿಲ್ಲೆಗಳ ಮೇಲೇ. "ನೀನು ಹುಟ್ಟೋಕೆ ಮುಂಚೆಯಿಂದ ಇದೇ ಮಾಡ್ತಿದೀನಿ. ನಂಗೆ ಪಾಠ ಹೇಳ್ಬೇಡ, ಹೋಗು."

ಶಿಹಾತಾ ನಕ್ಕು ಬಿಲ್ಲೆ ಇಟ್ಟ. ಅವಾತಿಫ್ ಒಂದು ಗಳಿಗೆ ನಿಂತಿದ್ದು ಒಳಗೆ ಹೋದಳು. ರಾಟೆಯ ಸರಪಳಿ ಕಿರುಗುಟ್ಟಿದ್ದು ಕೇಳಿಸಿತು. ಆಮೇಲೆ ಫಿಕ್ರಿಯಾ ಮೇಲಿನಿಂದ ಅನ್ನಕ್ಕಿಡಲು ಕೂಗಿದಳು, ಅವಾತಿಫ್ ಡ್ರಮ್ಮಿನ ಮೇಲೆ ತಗಡು ಮುಚ್ಚಿ ಮೆಟ್ಟಿಲು ಹತ್ತಿದಳು.

ಒಂದು ಗಂಟೆಯ ಮೇಲೆ ಸಬ್ರಿ ಬಂದ. ಹಿಂದೆಯೇ ಬಯ್ಯೂಮಿಯೂ ಬಂದ. ಹಿತ್ತಲಿಗೆ ಹೋದ ಸಬ್ರಿ ಹಾಕಿದ ಕೂಗಿಗೆ ಪಕ್ಕದ ಟೈರಿನ ಅಂಗಡಿಯವರೂ ಎದ್ದು ಬಂದರು. ಡ್ರಮ್ಮಿನ ತಗಡನ್ನು ಎತ್ತಿ ಕಪ್ಪು ನೊರೆ ಉಕ್ಕಿ ನೆಲಕ್ಕೆಲ್ಲ ಹರಿದಿತ್ತು. ಸರಪಳಿ ಎಳೆದು ಹೆಡ್ಡನ್ನು ಎತ್ತಿದರು. ಮುಖವೆಲ್ಲ ಗುಳಿ ಗುಳಿ, ನೀರಿನ ದಾರಿಗಳ ಅಂಚು ಕರಗಿಹೋಗಿತ್ತು. ವಾಲ್ವಿನ ಸೀಟೊಂದು ಕಳಚಿ ಠಣ್ಣೆಂದು ನೆಲಕ್ಕೆ ಬಿತ್ತು. ಅದನ್ನು ನೋಡಿದ ಕ್ಷಣವೇ ಮಿತ್ವಲ್ಲಿಗೆ ತಾನಾಡಿದ ಮಾತು ಅಕ್ಷರ ಬಿಡದೆ ನೆನಪಾಯಿತು.

"ಯಾರು ಹಾಕಿದ್ದು ಇದನ್ನ?" ಸಬ್ರಿ ಕಿರುಚಿದ.

ಗಲಾಟೆ ಕೇಳಿ ಅವಾತಿಫ್ ಇಳಿದು ಬಂದಿದ್ದಳು. "ನಾನು," ಅಂದಳು. ಅಂದವಳು ಮಾವನ ಮುಖ ನೋಡಿದಳು. ಉಳಿದ ಮಾತನ್ನು ಅವನು ಹೇಳುತ್ತಾನೆ ಅಂತ ಕಾದಳು.

ಬಯ್ಯೂಮಿ ನೋಡುತ್ತಿದ್ದ. ಟೈರಿನವರು ನೋಡುತ್ತಿದ್ದರು. ನಲವತ್ತು ವರ್ಷ ಉಸ್ತಾ, ಉಸ್ತಾ ಅನ್ನಿಸಿಕೊಂಡ ಮುಖವನ್ನು ಅಷ್ಟು ಜನರೆದುರು ಕಳಚಿಡಲು ಮಿತ್ವಲ್ಲಿಗೆ ಆಗಲಿಲ್ಲ. ಸುಮ್ಮನಿದ್ದಿದ್ದರೂ ಆಗುತ್ತಿತ್ತು, ಅದೂ ಆಗಲಿಲ್ಲ. ಬಾಯಿ ತಾನಾಗಿ ತೆರೆಯಿತು.

"ಒಂದು ಮಾತು ಕೇಳಬಾರದಾಗಿತ್ತೇನಮ್ಮ?" ಅಂದ.

ಅವಾತಿಫ್ ಗ್ಲೌಸು ಮೇಲೆ ಬಿಟ್ಟು ಬಂದಿದ್ದ ಬರಿಗೈಯನ್ನು ಒಂದು ಸಲ ಬಟ್ಟೆಗೆ ಒರೆಸಿಕೊಂಡಳು, ಮೆಟ್ಟಿಲು ಹತ್ತಿ ಹೋದಳು. "ಹೆಂಗಸರನ್ನ ಕಟ್ಕೊಂಡು ಇಂಜಿನ್ ಕೆಲಸ," ಅಂತ ಬಯ್ಯೂಮಿ ಅವಳಿಗೆ ಕೇಳಿಸುವ ಹಾಗೇ ಹೇಳಿದ. ಶಿಹಾತಾ ಬಾಗಿಲಲ್ಲಿ ನಿಂತಿದ್ದ. ಅವನು ಡಾಮಿನೋ ಬಿಲ್ಲೆಗಳನ್ನು ಡಬ್ಬಿಗೆ ತುಂಬಿ, "ಬರ್ತೀನಿ," ಅಂತ ಹೊರಟ.

ಬೇರೆ ಹೆಡ್ಡು ತರಲೇಬೇಕಾಯಿತು. ಗುಜರಿ ಸಂತೆಗಳನ್ನೆಲ್ಲ ಅಲೆದು ಸಬ್ರಿ ಒಂದನ್ನು ತಂದ. ಹಬ್ಬಕ್ಕೆ ಏಳು ಮನೆಯವರು ಸೇರಿ ಬಲಿ ಕೊಡುವ ಕರುವಿನಲ್ಲಿ ಒಂದು ಪಾಲು ಹಾಕಲು ಎತ್ತಿಟ್ಟಿದ್ದ ದುಡ್ಡು ಅದಕ್ಕೆ ಹೋಯಿತು. ಅಲ್ಲಿಂದ ಮನೆಯ ಊಟದ ರುಚಿಯೇ ಕೆಟ್ಟಿತು.

ಊಟ ದಿನವೂ ಒಂದೇ. ಬೆಳಗ್ಗೆ ಫೂಲ್ ಕಾಳು, ಮಧ್ಯಾಹ್ನ ಅನ್ನದ ಮೇಲೆ ಮಾಂಸವಿಲ್ಲದ ಮೊಲೊಖಿಯಾ ಸೊಪ್ಪಿನ ಸಾರು. ತಟ್ಟೆ ಇಟ್ಟಾಗಲೆಲ್ಲ ಫಿಕ್ರಿಯಾ ಒಂದು ಮಾತು ಬಡಿಸುತ್ತಿದ್ದಳು.

"ತಿನ್ನಿ, ತಿನ್ನಿ. ಹಬ್ಬಕ್ಕೂ ಇದೇ ಸೊಪ್ಪು. ಕರುವಿನ ಪಾಲು ಡ್ರಮ್ಮಲ್ಲಿ ಕರಗೋಯ್ತಲ್ಲ."

"ಅಮ್ಮಾ, ಸಾಕು," ಅನ್ನುತ್ತಿದ್ದ ಸಬ್ರಿ.

"ನಂಗೇನು ಸಾಕು ಅಂತೀಯ? ಈ ಇಪ್ಪತ್ತು ವರ್ಷದಲ್ಲಿ ಒಂದ್ಸಲಾನೂ ಪಾಲು ಬಿಟ್ಟಿಲ್ಲ ನಾವು. ಪಕ್ಕದ ಮನೆಯವರು ಈ ಸಲ ನಮಗೇ ಮಾಂಸ ಕಳಿಸ್ತಾರೆ, ಬಡವರಿಗೆ ಕಳ್ಸೋ ಹಾಗೆ. ಇವಳು ಕೆಳಗೆ ಇಳೀದೇ ಇದ್ದಿದ್ರೆ..."

"ಇನ್ಮೇಲೆ ಇಳಿಯಲ್ಲ ಬಿಡಮ್ಮ. ಇಳಿದ್ರೆ ನಾನು ಸುಮ್ನಿರಲ್ಲ." ಸಬ್ರಿ ಹೆಂಡತಿಯ ಕಡೆ ತಿರುಗಿದ. "ಹೆಂಗಸ್ರು ಬೆಂಚಿಗೆ ಬಂದ್ರೆ ಹಿಂಗೇ ಅಂತ ಬೀದಿಯವರೆಲ್ಲ ಹೇಳಿದ್ರು. ನಾನೇ ಕಿವಿಗೆ ಹಾಕ್ಕೊಳ್ಲಿಲ್ಲ. ಕೇಳಿಸ್ತಾ?"

"ಕೇಳಿಸ್ತು," ಅಂದಳು ಅವಾತಿಫ್. "ರೊಟ್ಟಿ ಹಾಕ್ಲಾ?"

ಮಿತ್ವಲ್ಲಿ ತಲೆ ತಗ್ಗಿಸಿ ಉಣ್ಣುತ್ತಿದ್ದ. ಅವಾತಿಫ್ ಅವನಿಗೇ ಮೊದಲು ಬಡಿಸುತ್ತಿದ್ದಳು, ಸಾರಿನ ತಳದಿಂದ ಗಟ್ಟಿಯಾದದ್ದನ್ನು ಎತ್ತಿ ಹಾಕುತ್ತಿದ್ದಳು, ಕೈತೊಳೆಯಲು ನೀರು ತಂದಿಡುತ್ತಿದ್ದಳು. ಒಂದರಲ್ಲೂ ಕಡಿಮೆ ಮಾಡಲಿಲ್ಲ. ಒರಟಾಗಿ ತಟ್ಟೆ ಕುಕ್ಕಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಅವಳು ಕೊಟ್ಟಿದ್ದನ್ನು ನುಂಗುವಾಗೆಲ್ಲ ತಾನೊಬ್ಬ ಕಳ್ಳ ಅನ್ನಿಸುತ್ತಿತ್ತು. ಹೇಳಿಬಿಡಬೇಕು, ಈಗಲೇ ಹೇಳಿಬಿಡಬೇಕು ಅಂತ ತುತ್ತು ಕೈಯಲ್ಲೇ ನಿಲ್ಲುತ್ತಿತ್ತು. ಅಷ್ಟರಲ್ಲಿ ಯಾರೋ ಉಪ್ಪಿನಕಾಯಿ ಕೇಳುತ್ತಿದ್ದರು, ಮಾತು ಎಲ್ಲೋ ಹೋಗುತ್ತಿತ್ತು, ಅವನು ತುತ್ತು ಬಾಯಿಗಿಡುತ್ತಿದ್ದ.

ತೊಳೆಯುವ ಕೆಲಸವನ್ನು ಅವನೇ ವಹಿಸಿಕೊಂಡ. ಶಿಕ್ಷೆ ಅಂದುಕೊಂಡೇ ವಹಿಸಿಕೊಂಡ. ಬೆರಳ ಸಂದಿಗಳು ಸೀಮೆಎಣ್ಣೆಗೆ ಒಡೆದವು, ಪಿಸ್ಟನ್ನಿನ ತೋಡುಗಳಲ್ಲಿ ಕಿಟ್ಟ ಉಳಿಯಿತು. ಸಬ್ರಿ ಒಂದನ್ನು ಬೆಳಕಿಗೆ ಹಿಡಿದು, "ಅಪ್ಪ, ಇದು ಹಿಂಗಿದ್ರೆ ರಿಂಗು ಕೂರಲ್ಲ," ಅಂದ. ಮತ್ತೆ ಕೆರೆದ. ಕೊನೆಗೆ ಮಗನೇ ಕಿತ್ತುಕೊಂಡು ಮಾಡಿದ. ಅವಾತಿಫ್ ಇದ್ದರೆ ಇದು ಅರ್ಧ ದಿನದ ಕೆಲಸ ಅಂತ ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಹೇಳಲಿಲ್ಲ.

ಒಂದು ದಿನ ಜನಾ ಕೇಳಿದಳು, "ತಾತ, ಅಮ್ಮ ಯಾಕೆ ಕೆಳಗೆ ಬರಲ್ಲ? ಅಮ್ಮಂಗೆ ಅಲ್ಯೂಮಿನಿಯಂ ಯಾವ್ದು ಅಂತ ಗೊತ್ತಿಲ್ಲ ಅಂತೆ, ಸ್ಕೂಲಲ್ಲಿ ನಗ್ತಾರೆ."

"ಯಾರಮ್ಮ ನಗೋದು?"

"ಎಲ್ಲಾರೂ. ಟೈರಂಗ್ಡಿಯವರ ಮಗಳು ನನ್ನ ಡಬ್ಬಿ ಎತ್ಕೊಂಡು, ಇದು ಕಬ್ಬಿಣಾನಾ ಅಲ್ಯೂಮಿನಿಯಮ್ಮಾ, ನಿಮ್ಮಮ್ಮನ್ನ ಕೇಳ್ಕೊಂಬಾ ಅಂದ್ಳು."

ಮಿತ್ವಲ್ಲಿ ಮೊಮ್ಮಗಳಿಗೆ ಮಿಠಾಯಿ ಕೊಡಿಸಿದ. ಬೇರೇನು ಮಾಡಬೇಕೆಂದು ಅವನಿಗೆ ಗೊತ್ತಿತ್ತು, ಮಾಡಲಿಲ್ಲ.

ಕಾಫಿ ಅಂಗಡಿಯಲ್ಲಂತೂ ದಿನವೂ ಅದೇ. "ಉಸ್ತಾ ಮಿತ್ವಲ್ಲಿ, ನಿಮ್ಮ ಸೊಸೆ ಕಾಸ್ಟಿಕ್ಕಲ್ಲಿ ಕಾಯಿಸಿದ ಇಂಜಿನ್ನಲ್ಲಿ ಸೋಪು ಎಷ್ಟು ಬಿಲ್ಲೆ ಬಂತು?" ಅಂತ ಒಬ್ಬ ಕೇಳಿದರೆ, "ನಂಗೂ ಎರಡು ಎತ್ತಿಡಿ, ತಲೆಗೆ ಒಳ್ಳೇದಂತೆ," ಅಂತ ಇನ್ನೊಬ್ಬ. ಎಲ್ಲರೂ ನಕ್ಕರು. ಮಿತ್ವಲ್ಲಿಯೂ ನಕ್ಕ. ನಗದೆ ಕೂತರೆ ಯಾಕೆ ಅಂತ ಕೇಳುತ್ತಾರಲ್ಲ, ಅದಕ್ಕೇ ನಕ್ಕ. ಎದುರಿಗೆ ಕೂತಿದ್ದ ಶಿಹಾತಾ ಮಾತ್ರ ನಗಲಿಲ್ಲ. ಬಿಲ್ಲೆಗಳನ್ನು ಕಲಸಿ, "ಆಡು," ಅಂದ.

ಹಬ್ಬಕ್ಕೆ ವಾರವಿರುವಾಗ ಬಯ್ಯೂಮಿಯ ಗಾಡಿ ಹೊರಟಿತು. ಸುಗ್ಗಿಯ ಅರ್ಧ ಕಳೆದುಕೊಂಡಿದ್ದ ಅವನು ಹೋಗುವಾಗ ಕೈಕುಲುಕಲಿಲ್ಲ.

ಆ ಶುಕ್ರವಾರ ಫಿಕ್ರಿಯಾ ತಾರಸಿಯ ಮೇಲೆ ಸೋಪು ಮಾಡಲು ಕೂತಳು. ವರ್ಷವಿಡೀ ಕರಿದು ಉಳಿದ ಎಣ್ಣೆಯನ್ನು ಡಬ್ಬಿಗಳಲ್ಲಿ ತುಂಬಿಡುವುದು, ಹಬ್ಬದ ಮುಂಚೆ ಅದಕ್ಕೆ ಕಾಸ್ಟಿಕ್ ಸೋಡಾ ಕಲಸಿ ಸೋಪು ಕಟ್ಟುವುದು ಆ ಮನೆಯ ರೂಢಿ. ಕೆಳಗಿನ ಡ್ರಮ್ಮಿನದೂ ಮೇಲಿನ ಸೋಪಿನದೂ ಒಂದೇ ಚೀಲದ ಸೋಡಾ. ಫಿಕ್ರಿಯಾಗೆ ಮೊಣಕೈ ನೋವು ಬಂದ ಮೇಲೆ ಎಂಟು ವರ್ಷದಿಂದ ಕಲಸುವವಳು ಅವಾತಿಫ್. ಮಿತ್ವಲ್ಲಿ ನೆರಳಲ್ಲಿ ಕೂತು ಮುರಿದ ಕುರ್ಚಿಗೆ ಹಗ್ಗ ಹೆಣೆಯುತ್ತಿದ್ದ.

"ಜನಾ, ನೀರು ತಾಮ್ಮ," ಅಂದಳು ಫಿಕ್ರಿಯಾ.

ಜನಾ ಅಡುಗೆಮನೆಯಿಂದ ನೀರು ತುಂಬಿದ ಪಾತ್ರೆ ತಂದಳು. ಫಿಕ್ರಿಯಾ ಸೋಡಾದ ಚೀಲ ಬಿಚ್ಚಿ ಕೈಯಲ್ಲಿ ಹಿಡಿದಿದ್ದಳು. ಅವಾತಿಫ್ ಎರಡೇ ಹೆಜ್ಜೆಗೆ ತಾರಸಿ ದಾಟಿ ಮಗಳ ಕೈಯಿಂದ ಪಾತ್ರೆ ಕಿತ್ತುಕೊಂಡಳು, ನೀರು ಅವಳ ಬಟ್ಟೆ ಮೇಲೆಲ್ಲ ಚೆಲ್ಲಿತು.

"ಅತ್ತೆ, ನಿಲ್ಲಿ. ಇದು ಅಲ್ಯೂಮಿನಿಯಮ್ಮು. ಪ್ಲಾಸ್ಟಿಕ್ ಬಕೀಟು ತರ್ತೀನಿ," ಅಂದಳು. ಮಗಳಿಗೆ ಬೆರಳು ತೋರಿಸಿ, "ಸೋಡಾ ಹತ್ರ ಈ ಪಾತ್ರೆ ತರ್ಬೇಡ ಅಂತ ಹೋದ ವರ್ಷಾನೂ ಹೇಳಿದ್ದೆ ನಿಂಗೆ," ಅಂದು ಕೆಳಗಿಳಿದು ಹೋದಳು.

ಫಿಕ್ರಿಯಾ ಚೀಲ ಕೈಯಲ್ಲಿ ಹಿಡಿದೇ ಕೂತಳು. ಗಂಡನ ಕಡೆ ನೋಡಿದಳು. ಅವನು ಹಗ್ಗ ಎಳೆಯುತ್ತಿದ್ದ, ಎಳೆದ ಗಂಟನ್ನೇ ಮತ್ತೆ ಎಳೆಯುತ್ತಿದ್ದ.

ಮಧ್ಯಾಹ್ನ ಊಟಕ್ಕೆ ಕೂತಾಗ ಅವಳು ಎಂದಿನ ಮಾತು ಬಡಿಸಲಿಲ್ಲ. ಎರಡು ತುತ್ತು ಉಂಡು ಕೇಳಿದಳು.

"ಅವಾತಿಫ್, ಆ ಹೆಡ್ಡನ್ನ ಯಾಕೆ ಹಾಕ್ದೆ?"

"ತಪ್ಪಾಯ್ತು ಅತ್ತೆ."

"ತಪ್ಪಾಯ್ತು ಅಂತ ಮೂರು ವಾರದಿಂದ ಹೇಳ್ತಿದೀಯ. ನಾನು ಯಾಕೆ ಅಂತ ಕೇಳ್ತಿದೀನಿ. ಮಗು ಪಾತ್ರೆ ತಂದ್ರೆ ಹಾರಿ ಕಿತ್ಕೊಳ್ಳೋಳು, ಅಷ್ಟು ದೊಡ್ಡ ಹೆಡ್ಡನ್ನ ಹೆಂಗೆ ಹಾಕ್ದೆ?"

ಅವಾತಿಫ್ ಸಾರಿನ ಪಾತ್ರೆ ಹತ್ತಿರ ಎಳೆದುಕೊಂಡಳು. ಫಿಕ್ರಿಯಾ ಗಂಡನ ಕಡೆ ತಿರುಗಿದಳು.

"ಅಬೂ ಸಬ್ರಿ, ಅವತ್ತು ನೀವೆಲ್ಲಿದ್ರಿ?"

"ಬಾಗ್ಲಲ್ಲಿ."

"ಏನ್ಮಾಡ್ತಿದ್ರಿ?"

"ಡಾಮಿನೋ ಆಡ್ತಿದ್ದೆ." ಮಿತ್ವಲ್ಲಿ ರೊಟ್ಟಿಯ ಚೂರನ್ನು ತಟ್ಟೆಗೆ ಇಟ್ಟ. ಇನ್ನು ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ. ಹಾಗೆ ಸಿಕ್ಕಿಬಿದ್ದ ಮೇಲಷ್ಟೇ ಬಾಯಿಬಿಟ್ಟೆ ಅನ್ನುವುದು ಅವನಿಗೆ ಆಮೇಲೂ ಚುಚ್ಚುತ್ತಲೇ ಇತ್ತು. "ಅವಳು ಕೇಳಿದ್ಲು. ಎರಡು ಸಲ ಕೇಳಿದ್ಲು. ಹೆಡ್ಡೂನಾ ಅಂತಾನೇ ಕೇಳಿದ್ಲು. ನಾನೇ ಎಲ್ಲಾ ಹಾಕು ಅಂದೆ."

ಸಬ್ರಿ ನಕ್ಕುಬಿಟ್ಟ.

"ಬಿಡಿ ಅಪ್ಪ. ಅವಳನ್ನ ಉಳಿಸೋಕೆ ನೀವ್ಯಾಕೆ ಮೈಮೇಲೆ ಹಾಕ್ಕೋತೀರಿ? ಆಗಿದ್ದಾಯ್ತು."

"ಉಳಿಸೋಕೆ ಅಲ್ಲ ಕಣೋ. ನಾನೇ ಹೇಳಿದ್ದು."

"ನೀವು ಅಲ್ಯೂಮಿನಿಯಮ್ಮನ್ನ ಡ್ರಮ್ಮಿಗೆ ಹಾಕು ಅಂತೀರಾ? ನೀವು?"

ಮಗನಿಗೆ ನಂಬಲು ಇಷ್ಟವಿಲ್ಲ ಅಂತ ಮಿತ್ವಲ್ಲಿಗೆ ಕಂಡಿತು. ನಂಬಿದರೆ ಈ ಮೂರು ವಾರ ಹೆಂಡತಿಗೆ ಆಡಿದ್ದೆಲ್ಲ ಅವನ ತಲೆಗೇ ಬರುತ್ತಿತ್ತು.

ಫಿಕ್ರಿಯಾ ನಂಬಿದಳು. "ಥೂ," ಅಂದಳು, ಅಷ್ಟೇ. ತಟ್ಟೆ ದೂಡಿ ಎದ್ದಳು. ಬಾಗಿಲ ಹತ್ತಿರ ನಿಂತು, "ದಿನಾ ನನ್ನ ಬಾಯಲ್ಲಿ ಅವಳನ್ನ ಬೈಯಿಸಿದ್ರಲ್ಲ, ಕೂತ್ಕೊಂಡು ಕೇಳಿದ್ರಲ್ಲ," ಅಂದು ಒಳಗೆ ಹೋದಳು.

ಅವಾತಿಫ್ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದಳು. ಮಿತ್ವಲ್ಲಿ ಅವಳ ಕಡೆ ತಿರುಗಿ, "ನನ್ನಿಂದ ತಪ್ಪಾಯ್ತು ಮಗಳೇ," ಅಂದ.

"ನನ್ನ ಮಾನ ಹೋಗಿದ್ದು ಊಟದ ಮನೇಲಲ್ಲ ಮಾವ, ಬೀದೀಲಿ," ಅಂದಳು ಅವಳು. ಸಿಟ್ಟಿನಿಂದ ಹೇಳಲಿಲ್ಲ. ತಟ್ಟೆ ಎತ್ತಿಕೊಂಡು ಹೋದಳು.

ಮಾರನೆಯ ದಿನ ಸಂಜೆಯ ಅಸರ್ ನಮಾಜು ಮುಗಿಸಿ ಮಿತ್ವಲ್ಲಿ ಕಾಫಿ ಅಂಗಡಿಗೆ ಹೋದ. ಹೇಳಬೇಕೆಂದೇ ಹೋಗಿದ್ದ. ಚಹಾ ತರಿಸಿದ, ಐದು ಆಟ ಆಡಿದ, ಮೂರು ಗೆದ್ದ, ಮನೆಗೆ ಬಂದ. ಅವಾತಿಫ್ ಬಾಗಿಲು ತೆಗೆದಳು. ಮುಖ ನೋಡಿದವಳು ಏನೂ ಕೇಳದೆ ಪಕ್ಕಕ್ಕೆ ಸರಿದಳು. ಅವಳ ಮುಂದೆ ಹಾದುಹೋಗುವಾಗ ಅವನು ತಾನಾಗೇ ಗೋಡೆಗೆ ಒತ್ತಿಕೊಂಡು ನಡೆದ. ಅದರ ಮಾರನೆಯ ದಿನವೂ ಹೀಗೇ ಆಯಿತು.

ಮೂರನೆಯ ದಿನ ಅಂಗಡಿ ತುಂಬಿತ್ತು. ಟೈರಿನವರು ಇದ್ದರು. ಬಯ್ಯೂಮಿ ಎರಡು ಟ್ರಿಪ್ಪಿನ ನಡುವೆ ಚಹಾ ಕುಡಿಯುತ್ತಿದ್ದ. ಯಾರೋ ಮತ್ತೆ ಸೋಪಿನ ಮಾತೆತ್ತಿದರು. ಮಿತ್ವಲ್ಲಿ ಎದ್ದು ನಿಂತ. ನಿಂತೇ ಹೇಳಬೇಕೆಂದೇನೂ ಇರಲಿಲ್ಲ, ಆದರೆ ಕೂತರೆ ಮತ್ತೆ ಆಗುವುದಿಲ್ಲ ಅನ್ನಿಸಿತು.

"ಕೇಳಿ. ಆ ಹೆಡ್ಡು ಹಾಳು ಮಾಡಿದ್ದು ನನ್ನ ಸೊಸೆ ಅಲ್ಲ, ನಾನು. ಅವಳು ಬಂದು ಕೇಳಿದ್ಲು, ನಾನು ಹಾಕು ಅಂದೆ. ಆಮೇಲೆ ನಿಮ್ಮೆಲ್ಲರ ಮುಂದೆ ಸುಳ್ಳು ಹೇಳ್ದೆ."

ಟೈರಿನವನು ತೊಡೆ ತಟ್ಟಿದ.

"ನೋಡ್ರಪ್ಪ, ಮಾವ ಅಂದ್ರೆ ಇವನು. ಸೊಸೆ ತಪ್ಪನ್ನ ತಾನು ಹೊರ್ತಾನೆ. ನಮ್ಮನೇಲೂ ಇದಾರೆ, ಸೊಸೆ ಉಪ್ಪು ಜಾಸ್ತಿ ಹಾಕಿದ್ರೆ ಊರಿಗೇ ಸಾರ್ತಾರೆ."

"ದೊಡ್ಡ ಮನಸ್ಸು ಉಸ್ತಾ," ಅಂದ ಇನ್ನೊಬ್ಬ. "ಉಸ್ತಾಂಗೆ ಚಹಾ ತಾರೋ, ನನ್ನ ಲೆಕ್ಕಕ್ಕೆ."

ಚಹಾ ಬಂತು. ಮಿತ್ವಲ್ಲಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಸುಳ್ಳು ಹೇಳಿದಾಗ ನಂಬಿದವರು ಈಗ ನಿಜವನ್ನು ಹೊಗಳಿಕೆ ಮಾಡಿ ಅವನ ಕೊರಳಿಗೇ ಹಾಕುತ್ತಿದ್ದರು. ಕೂತು ಆ ಚಹಾ ಕುಡಿದರೆ ಎಲ್ಲ ಮುಗಿಯುತ್ತಿತ್ತು, ಹೇಳಿದ ಹಾಗೂ ಆಗುತ್ತಿತ್ತು, ಹೆಸರೂ ಉಳಿಯುತ್ತಿತ್ತು. ಅದೂ ಅವನ ಮನಸ್ಸಿಗೆ ಬಾರದೆ ಇರಲಿಲ್ಲ.

ಎದುರಿಗೆ ಶಿಹಾತಾ ಕೂತಿದ್ದ.

"ಶಿಹಾತಾ," ಅಂದ ಮಿತ್ವಲ್ಲಿ. "ನೀನು ಅಲ್ಲೇ ಇದ್ದೆ. ಹೇಳು."

ಶಿಹಾತಾ ಕೈಯಲ್ಲಿದ್ದ ಬಿಲ್ಲೆಗಳನ್ನು ಮಗುಚಿಟ್ಟ. "ಇದ್ದೆ," ಅಂದ. "ಆ ಹುಡುಗಿ ಬಾಗ್ಲಿಗೆ ಬಂದು, ಹೆಡ್ಡೂನಾ ಅಂದ್ಲು. ಇವನು, ನಂಗೆ ಪಾಠ ಹೇಳ್ಬೇಡ ಅಂದ. ನಾನು ನಕ್ಕೆ ಬೇರೆ." ಆಮೇಲೆ ಗೆಳೆಯನ ಕಡೆ ನೋಡಿದ. "ಇವತ್ತು ಹೇಳ್ತೀಯ, ನಾಳೆ ಹೇಳ್ತೀಯ ಅಂತ ದಿನಾ ನಿನ್ನೆದುರು ಬಂದು ಕೂತ್ಕೊಂಡಿದೀನಿ ಮಿತ್ವಲ್ಲಿ. ನೀನು ಅವರ ಜೊತೆ ನಗ್ತಿದ್ದೆ."

ಈಗ ಯಾರೂ ತೊಡೆ ತಟ್ಟಲಿಲ್ಲ. ಟೈರಿನವನು ಹೊರಗಿನ ರಸ್ತೆ ನೋಡಿದ. ಬಯ್ಯೂಮಿ ಲೋಟ ಕೆಳಗಿಟ್ಟು ಎದ್ದ.

"ನಾನು ಆ ಹೆಣ್ಣುಮಗಳಿಗೆ ಕೇಳ್ಸೋ ಹಾಗೆ ಮಾತಾಡಿದ್ದೆ," ಅಂದ. "ನೀನು ಪಕ್ಕದಲ್ಲೇ ನಿಂತಿದ್ದೆ." ಇಷ್ಟು ಹೇಳಿ ಗಾಡಿ ಹತ್ತಿ ಹೋದ. ಮಿತ್ವಲ್ಲಿ ತನಗೆ ತಂದಿಟ್ಟ ಚಹಾ ಮುಟ್ಟದೆ ಮನೆಗೆ ನಡೆದ.

ಅವಾತಿಫ್ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದಳು. ಸಬ್ರಿಯೂ ಅಲ್ಲೇ ನಿಂತಿದ್ದ.

"ಹೇಳ್ದೆ," ಅಂದ ಮಿತ್ವಲ್ಲಿ. "ಬೀದೀಲಿ."

"ಯಾರ್ಯಾರಿದ್ರು?"

"ಎಲ್ಲಾ ಇದ್ರು. ಬಯ್ಯೂಮೀನೂ ಇದ್ದ. ಶಿಹಾತಾ ಸಾಕ್ಷಿ ಹೇಳ್ದ."

ಸಬ್ರಿಯ ಮುಖ ಬಾಡಿತು. ಈ ಸಲ ನಗಲು ಅವನಿಗೆ ಆಗಲಿಲ್ಲ. "ನನಗಾದ್ರೂ ಹೇಳ್ಬಾರ್ದಿತ್ತಾ ನೀನು?" ಅಂತ ಹೆಂಡತಿಯನ್ನು ಕೇಳಿದ.

"ಹೇಳಿದ್ರೆ ಯಾರ ಮಾತು ನಂಬ್ತಿದ್ರಿ?" ಅಂದಳು ಅವಾತಿಫ್. ಸಬ್ರಿ ಅವಳ ಮುಂದಿನ ಬುಟ್ಟಿಯಿಂದ ಒಂದು ಈರುಳ್ಳಿ ತೆಗೆದುಕೊಂಡು ಸಿಪ್ಪೆ ಸುಲಿಯತೊಡಗಿದ. ಇಷ್ಟು ವರ್ಷದಲ್ಲಿ ಅವನು ಆ ಕೆಲಸ ಮಾಡಿದ್ದನ್ನು ಮಿತ್ವಲ್ಲಿ ನೋಡಿರಲಿಲ್ಲ.

"ಹಬ್ಬ ಮುಗಿದ ಮೇಲೆ ಕೆಳಗೆ ಬರ್ತೀಯಲ್ಲಮ್ಮ?" ಮಿತ್ವಲ್ಲಿ ಕೇಳಿದ. "ಎರಡು ಇಂಜಿನ್ ಬಂದು ಕೂತಿವೆ. ನಿನ್ನ ಬೆಂಚು ನಾನು ಯಾರಿಗೂ ಕೊಟ್ಟಿಲ್ಲ."

ಅವಾತಿಫ್ ಚಾಕು ನಿಲ್ಲಿಸಿದಳು. ಹೇಳಬೇಕೋ ಬೇಡವೋ ಅಂತ ಯೋಚಿಸುವವಳ ಹಾಗೆ ಕಂಡಳು.

"ಮಾವ, ಅದು ಅಲ್ಯೂಮಿನಿಯಂ ಅಂತ ನಂಗೆ ಗೊತ್ತಿತ್ತು. ಕೈಗೆತ್ತಿಕೊಂಡಾಗಲೇ ಗೊತ್ತಿತ್ತು. ಹಾಕಿದ್ರೆ ಏನಾಗುತ್ತೆ ಅಂತಾನೂ ಗೊತ್ತಿತ್ತು. ಆದ್ರೂ ನೀವು ಹೇಳಿದ್ರಲ್ಲ ಅಂತ ಹಾಕ್ದೆ. ನನಗಿಂತ ನಿಮಗೆ ಜಾಸ್ತಿ ಗೊತ್ತಿರುತ್ತೆ, ಇದರಲ್ಲಿ ಏನೋ ಇರುತ್ತೆ ಅಂತ ಹಾಕ್ದೆ. ಅದು ನನ್ನ ತಪ್ಪು. ಅದಕ್ಕೇ ಬಾಯಿ ಮುಚ್ಕೊಂಡಿದ್ದೆ." ಕಣ್ಣಿಗೆ ಈರುಳ್ಳಿ ಖಾರ ಹತ್ತಿತ್ತೋ ಏನೋ, ತೋಳಿನಿಂದ ಒರೆಸಿಕೊಂಡಳು. "ಬರ್ತೀನಿ. ಆ ಕೆಲಸ ನಂಗೆ ಬೇಕು. ಆದ್ರೆ ನೀವು ಅಲ್ಲಿದ್ರೆ ನಂಗಾಗಲ್ಲ. ನೀವು ಇನ್ನೊಂದ್ಸಲ ಹಾಕು ಅಂದ್ರೆ ನಾನು ಮತ್ತೆ ಹಾಕಿಬಿಡ್ತೀನಿ."

"ಏ, ಅದು ಅಪ್ಪನ ಅಂಗಡಿ ಕಣೇ," ಅಂದ ಸಬ್ರಿ.

"ಇರಲಿ ಬಿಡು," ಅಂದ ಮಿತ್ವಲ್ಲಿ.

ಹಬ್ಬಕ್ಕೆ ಪಕ್ಕದ ಮನೆಯಿಂದ ಮಾಂಸ ಬಂತು. ಫಿಕ್ರಿಯಾ ಬಾಗಿಲಲ್ಲಿ ಅದನ್ನು ಈಸಿಕೊಂಡಳು, ಒಳಗೆ ಬಂದು ಮೊದಲ ತುಂಡನ್ನು ಸೊಸೆಯ ತಟ್ಟೆಗೆ ಹಾಕಿದಳು. ಗಂಡನ ಜೊತೆ ಅವಳು ಇನ್ನೂ ಮಾತಾಡುತ್ತಿರಲಿಲ್ಲ.

ಹಬ್ಬ ಕಳೆದ ಮೇಲೆ ವರ್ಕ್‌ಶಾಪಿನ ಹೊತ್ತು ಹಂಚಿಹೋಯಿತು. ಬೆಳಗ್ಗೆ ಅವಾತಿಫ್, ಸಬ್ರಿ. ಅವಳು ಅಡುಗೆಗೆ ಮೇಲೆ ಹೋದ ಮೇಲೆ ಮಿತ್ವಲ್ಲಿ. ಬೆಳಗಿನ ನಾಲ್ಕು ಗಂಟೆ ಅವನು ಬೀದಿಯ ಆ ಬದಿಯ ಕಾಫಿ ಅಂಗಡಿಯಲ್ಲಿ ಕೂರುತ್ತಿದ್ದ. ಗಿರಾಕಿಗಳು ಬಂದು, "ಉಸ್ತಾ, ಇಲ್ಲೇನು ಮಾಡ್ತಿದ್ದೀರಿ? ಒಂದ್ಸಲ ನಮ್ಮ ಇಂಜಿನ್ ನೋಡಿ ಬನ್ನಿ," ಅಂದರೆ, "ಸೊಸೆ ನೋಡ್ತಿದ್ದಾಳೆ, ಅವಳನ್ನೇ ಕೇಳಿ," ಅನ್ನುತ್ತಿದ್ದ. ಕೆಲವರು ಹೋಗಿ ಕೇಳಿದರು. ಕೆಲವರು ಬೇರೆ ಉಸ್ತಾನನ್ನು ಹುಡುಕಿಕೊಂಡರು.

ಒಂದು ಬೆಳಗ್ಗೆ ಪತ್ರಿಕೆ ಬಿಡಿಸಿದಾಗ ಕನ್ನಡಕವನ್ನು ವರ್ಕ್‌ಶಾಪಿನ ಕಪಾಟಿನಲ್ಲಿ ಬಿಟ್ಟು ಬಂದದ್ದು ನೆನಪಾಯಿತು. ರಸ್ತೆ ದಾಟಿ ಹೋದ. ಅವಾತಿಫ್ ಬೆಂಚಿನ ಮುಂದೆ ಬೆನ್ನು ಹಾಕಿ ನಿಂತು ಹೆಡ್ಡೊಂದನ್ನು ಉಜ್ಜುತ್ತಿದ್ದಳು. ಮರದ ಚಕ್ಕೆ ಸರಸರ ಓಡುತ್ತಿತ್ತು, ಏನೋ ಗುನುಗುತ್ತಲೂ ಇದ್ದಳು. ಅವನ ನೆರಳು ಬಾಗಿಲಿಗೆ ಬಿದ್ದದ್ದೇ ಗುನುಗು ನಿಂತಿತು. ಚಕ್ಕೆಯೂ ನಿಂತಿತು. ಅವಳು ತಿರುಗಲಿಲ್ಲ, ಎರಡೂ ಕೈಗಳನ್ನು ಬೆಂ‍ಚಿನ ಮೇಲಿಟ್ಟು ಕಾದಳು.

ಕಪಾಟು ಅವಳಿಂದ ಎರಡು ಹೆಜ್ಜೆ ಆಚೆಗಿತ್ತು. ಮಿತ್ವಲ್ಲಿ ಹೊಸ್ತಿಲಿಂದ ಕಾಲು ಹಿಂದಕ್ಕೆ ತೆಗೆದುಕೊಂಡ. ಕಾಫಿ ಅಂಗಡಿಗೆ ವಾಪಸ್ಸು ಬಂದು, ಪತ್ರಿಕೆಯನ್ನು ಶಿಹಾತಾನ ಕೈಗೆ ಕೊಟ್ಟು, "ಓದು," ಅಂದ.